ಹೆಸರಿಗಿಂತ ಮೊದಲು ನಿಮಿಷ: ಫ್ಯಾಂಟಸಿ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವ ಕ್ರಮ

ಪ್ರಶ್ನೆ: ಕಾರವಾರ, ಅಂಕೋಲಾ, ಶಿರಸಿಯ ನಾವು ಹನ್ನೊಂದು ಗೆಳೆಯರು ಇಂಗ್ಲಿಷ್ ಪ್ರೀಮಿಯರ್ ಲೀಗಿನ ಫ್ಯಾಂಟಸಿ ಆಟದಲ್ಲಿ ನಮ್ಮದೇ ಒಂದು ಖಾಸಗಿ ಲೀಗ್ ಮಾಡಿಕೊಂಡಿದ್ದೇವೆ. ಆಗಸ್ಟಿನಲ್ಲಿ ನಾನು ಹೆಸರುವಾಸಿ ಆಟಗಾರರನ್ನೇ ಹುಡುಕಿ ಕೊಳ್ಳುತ್ತೇನೆ. ಅಕ್ಟೋಬರ್ ಬರುವಷ್ಟರಲ್ಲಿ ನಾಲ್ಕೈದು ಜನ ಆಡುತ್ತಲೇ ಇರುವುದಿಲ್ಲ. ವಾರವಾರವೂ ಎರಡು ಮೂರು ಬದಲಾವಣೆ ಮಾಡಿ ಅಂಕ ಕಳೆದುಕೊಂಡು ಕೆಳಗೆ ಉಳಿಯುತ್ತೇನೆ. ಆಟಗಾರರನ್ನು ಯಾವ ಕ್ರಮದಲ್ಲಿ ಆರಿಸಬೇಕು? – ಓದುಗರು, ಕಾರವಾರ

ಉತ್ತರ: ನಿಮ್ಮ ಎರಡು ತೊಂದರೆಗಳ ಬೇರು ಒಂದೇ. ಆಡುವುದು ಖಾತ್ರಿಯಿಲ್ಲದವರನ್ನು ಆಗಸ್ಟಿನಲ್ಲಿ ಕೊಂಡಿದ್ದರಿಂದ ಅಕ್ಟೋಬರಿನಲ್ಲಿ ಅವರನ್ನು ಹೊರಗೆ ಹಾಕಲು ಹೆಚ್ಚುವರಿ ಬದಲಾವಣೆ ಒಂದೊಂದಕ್ಕೂ ನಾಲ್ಕು ಅಂಕ ದಂಡ ಕಟ್ಟುತ್ತಿದ್ದೀರಿ. ಹೀಗಾಗಿ ಆಟಗಾರರನ್ನು ಮೊದಲು ಸೋಸಬೇಕಾದ್ದು ನಿಮಿಷಗಳಿಂದ. ಗೋಲು, ಅಸಿಸ್ಟ್ (ಗೋಲಿಗೆ ದಾರಿಯಾದ ಪಾಸ್), ಬೆಲೆ ಎಲ್ಲ ಅದರ ನಂತರ.

ಲೆಕ್ಕ ಮಾಡಲು ಬೇಕಾದಷ್ಟು ನಿಯಮಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಇವು 2025-26ರ ನಿಯಮಗಳು. ಪ್ರತಿ ವರ್ಷ ಸಣ್ಣಪುಟ್ಟ ಬದಲಾವಣೆ ಇರುವುದರಿಂದ ಋತು ಆರಂಭಕ್ಕೆ ಮೊದಲು ನಿಯಮಗಳ ಪುಟವನ್ನು ಓದಲೇಬೇಕು. ನಿಜವಾದ ಆಟಗಾರರನ್ನು ಕಲ್ಪಿತ ಹಣದಿಂದ ಕೊಂಡು, ಅವರು ನಿಜವಾದ ಪಂದ್ಯಗಳಲ್ಲಿ ಆಡಿದ್ದಕ್ಕೆ ಅಂಕ ಪಡೆಯುವ ಆಟ ಇದು. ಕೈಯಲ್ಲಿ 100 ಮಿಲಿಯನ್ ಪೌಂಡ್. ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್, ಒಟ್ಟು ಹದಿನೈದು. ವಾರವಾರ ಇವರಲ್ಲಿ ಹನ್ನೊಂದು ಜನರನ್ನು ಇಳಿಸುತ್ತೀರಿ, ಉಳಿದ ನಾಲ್ವರು ಬೆಂಚಿನಲ್ಲಿ. ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಇಲ್ಲ. 60 ನಿಮಿಷ ಆಡಿದರೆ 2 ಅಂಕ, ಅದಕ್ಕಿಂತ ಕಡಿಮೆಯಾದರೆ 1. ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4. ಅಸಿಸ್ಟ್ ಯಾರದ್ದಾದರೂ 3. ಕ್ಲೀನ್ ಶೀಟ್‌ಗೆ, ಅಂದರೆ ಎದುರಾಳಿಗೆ ಗೋಲು ಬಿಡದಿದ್ದರೆ, ಕೀಪರ್ ಮತ್ತು ಡಿಫೆಂಡರ್‌ಗೆ 4, ಮಿಡ್‌ಫೀಲ್ಡರ್‌ಗೆ 1. ಅದೂ 60 ನಿಮಿಷ ಆಡಿದ್ದರೆ ಮಾತ್ರ. ಹಳದಿ ಕಾರ್ಡಿಗೆ 1, ಕೆಂಪಿಗೆ 3 ಕಳೆಯುತ್ತಾರೆ. ಪಂದ್ಯದಲ್ಲಿ ಚೆನ್ನಾಗಿ ಆಡಿದ ಮೊದಲ ಮೂವರಿಗೆ 3, 2, 1 ಬೋನಸ್. ನೀವು ಆರಿಸಿದ ನಾಯಕನ ಅಂಕ ಇಮ್ಮಡಿ.

ಈಗ ನಿಮಿಷಗಳ ವಿಷಯ. ಕೊಳ್ಳಬೇಕೆಂದಿರುವ ಒಬ್ಬೊಬ್ಬ ಆಟಗಾರನ ಬಗ್ಗೆಯೂ ಮೂರು ಸಂಗತಿ ನೋಡಿ. ಕ್ಲಬ್ಬಿನ ಕಳೆದ ಎಂಟು ಪಂದ್ಯಗಳಲ್ಲಿ ಎಷ್ಟನ್ನು ಅವನು ಮೊದಲಿನಿಂದ ಆಡಿದ? ಆರಂಭಿಸಿದ ಪಂದ್ಯಗಳಲ್ಲಿ ಎಷ್ಟನೇ ನಿಮಿಷಕ್ಕೆ ಹೊರಗೆ ಕರೆದರು? ಅದೇ ಜಾಗಕ್ಕೆ ಕ್ಲಬ್ಬಿನಲ್ಲಿ ಇನ್ನೊಬ್ಬ ಸಮರ್ಥ ಇದ್ದಾನೆಯೇ? ಎಂಟರಲ್ಲಿ ಏಳನ್ನು ಆರಂಭಿಸಿದವನು ನಿಮ್ಮ ಹನ್ನೊಂದಕ್ಕೆ ಯೋಗ್ಯ. ಐದನ್ನು ಆರಂಭಿಸಿ, ಪ್ರತಿ ಸಲ 58ನೇ ನಿಮಿಷಕ್ಕೆ ಹೊರಬರುವವನು ಎಷ್ಟು ಚಂದ ಆಡಿದರೂ ನಿಮ್ಮ ಲೆಕ್ಕ ಕೆಡಿಸುತ್ತಾನೆ.

ಅವನು ಕೆಡಿಸುವುದು ಹೇಗೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಿಮ್ಮ ಹನ್ನೊಂದರಲ್ಲಿ ಒಬ್ಬ ಒಂದು ನಿಮಿಷವೂ ಆಡದಿದ್ದರೆ ಬೆಂಚಿನ ಮೊದಲನೆಯವನು ತಾನಾಗಿ ಒಳಗೆ ಬರುತ್ತಾನೆ. ಆದರೆ ಆ ಆಟಗಾರ 88ನೇ ನಿಮಿಷಕ್ಕೆ ಮೈದಾನಕ್ಕಿಳಿದರೂ ಆಡಿದ ಲೆಕ್ಕವೇ. ನಿಮಗೆ 1 ಅಂಕ ಸಿಗುತ್ತದೆ, ಬೆಂಚಿನಲ್ಲಿ 8 ಅಂಕ ಗಳಿಸಿ ಕುಳಿತವನು ಅಲ್ಲಿಯೇ ಉಳಿಯುತ್ತಾನೆ. ನಾಯಕನ ವಿಷಯದಲ್ಲಿಯೂ ಹಾಗೆಯೇ. ಅವನು ಒಂದು ನಿಮಿಷವೂ ಆಡದಿದ್ದರೆ ಮಾತ್ರ ಉಪನಾಯಕನ ಅಂಕ ಇಮ್ಮಡಿಯಾಗುತ್ತದೆ. ಅರೆಬರೆ ಆಡುವವನು ಗಾಯಾಳುವಿಗಿಂತ ಹೆಚ್ಚು ನಷ್ಟ ತರುತ್ತಾನೆ. ಗಾಯಾಳುವಿನ ಹೆಸರಿನ ಮುಂದೆ ಕೆಂಪು ಗುರುತಾದರೂ ಇರುತ್ತದೆ, ಇವನಿಗೆ ಯಾವ ಗುರುತೂ ಇರುವುದಿಲ್ಲ.

ನಿಮಿಷ ಕಡಿಮೆಯಾಗುವ ಕಾರಣಗಳು ಸಾಕಷ್ಟು ಮೊದಲೇ ಗೊತ್ತಾಗುತ್ತವೆ. ಚಾಂಪಿಯನ್ಸ್ ಲೀಗ್ ಆಡುವ ಕ್ಲಬ್ಬುಗಳು ಮಂಗಳವಾರ ಅಥವಾ ಬುಧವಾರ ಆಡಿ ಶನಿವಾರ ಮತ್ತೆ ಇಳಿಯಬೇಕು, ಯುರೋಪಾ ಲೀಗಿನವರು ಗುರುವಾರ ಆಡಿ ಭಾನುವಾರ. ಅಲ್ಲಿ ವಿಂಗರ್‌ಗಳಿಗೂ (ಅಂಚಿನಲ್ಲಿ ಓಡುವ ಮುಂಚೂಣಿಯವರು) ಫುಲ್‌ಬ್ಯಾಕ್‌ಗಳಿಗೂ (ಅಂಚಿನ ಡಿಫೆಂಡರ್‌ಗಳು) ಸರದಿ ಪ್ರಕಾರ ವಿಶ್ರಾಂತಿ ಸಿಗುತ್ತದೆ. ಕೀಪರ್, ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್), ಮುಖ್ಯ ಸ್ಟ್ರೈಕರ್‌ಗೆ ಅಷ್ಟಾಗಿ ಇಲ್ಲ. ಪೆಪ್ ಗಾರ್ಡಿಯೋಲಾ ಅವರ ತರಬೇತಿಯಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಆಡಿದ ವಿಂಗರ್‌ಗಳನ್ನು ನಂಬಿ ಕೈ ಸುಟ್ಟುಕೊಂಡವರು ಲೋಕದ ತುಂಬ ಇದ್ದಾರೆ. ಯುರೋಪ್ ಟೂರ್ನಿಗಳಿಲ್ಲದ ನಡುಮಟ್ಟದ ಕ್ಲಬ್ಬಿನ ಒಬ್ಬ ವಿಂಗರ್ ಹೆಸರಿನಲ್ಲಿ ಸಣ್ಣವನಾದರೂ ವಾರಕ್ಕೊಂದೇ ಪಂದ್ಯ ಆಡುತ್ತಾನೆ, ಪೂರ್ತಿ ಆಡುತ್ತಾನೆ. ಬೇಸಿಗೆಯಲ್ಲಿ ದೊಡ್ಡ ಟೂರ್ನಿ ಇದ್ದ ವರ್ಷ ಇನ್ನೂ ಎಚ್ಚರ ಬೇಕು. 2026ರ ವಿಶ್ವಕಪ್ ಫೈನಲ್ ಜುಲೈ 19ಕ್ಕೆ ನಿಗದಿಯಾದದ್ದು. ಅಲ್ಲಿ ಕೊನೆಯವರೆಗೆ ಆಡುವವರಿಗೆ ಕ್ಲಬ್ಬುಗಳು ರಜೆ ಕೊಡಲೇಬೇಕಾಗುತ್ತದೆ. ಅಂಥವರನ್ನು ಮೊದಲ ಎರಡು ವಾರ ಬಿಟ್ಟು ನಂತರ ಕೊಂಡರೆ ನಷ್ಟವಿಲ್ಲ.

ನಿಮಿಷದ ಜರಡಿಯಲ್ಲಿ ಉಳಿದವರಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ನೋಡಿ. ಇಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಪೆನಾಲ್ಟಿ. ಸರಾಸರಿಯಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಮೂರು ಗೋಲಾಗುತ್ತವೆ. ಓಡಾಟದ ಆಟದಲ್ಲಿ ಅಷ್ಟು ಒಳ್ಳೆಯ ಅವಕಾಶ ಸಿಗುವುದು ಅಪರೂಪ. 2023-24ರಲ್ಲಿ ಚೆಲ್ಸಿಗೆ ಹೊಸದಾಗಿ ಬಂದ ಕೋಲ್ ಪಾಮರ್ ಅವರ ಆರಂಭದ ಬೆಲೆ 5.0 ಮಿಲಿಯನ್ ಮಾತ್ರ. ಪೆನಾಲ್ಟಿ ಹೊಣೆ ಅವರ ಕೈಗೆ ಬಂದದ್ದನ್ನು ಬೇಗ ಗಮನಿಸಿದವರಿಗೆ ಋತುವಿನ ದೊಡ್ಡ ಲಾಭವಾಯಿತು: 22 ಗೋಲು, ಅದರಲ್ಲಿ 9 ಪೆನಾಲ್ಟಿ, 244 ಅಂಕ. ಪೆನಾಲ್ಟಿಯ ನಂತರ ಕಾರ್ನರ್ ಮತ್ತು ಫ್ರೀ ಕಿಕ್ ಹೊಡೆಯುವವರು, ಏಕೆಂದರೆ ಅಸಿಸ್ಟ್ ಬರುವುದು ಅವರಿಗೆ. ಪ್ರತಿ ಕ್ಲಬ್ಬಿಗೂ ಮೂರು ಹೆಸರು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ: ಪೆನಾಲ್ಟಿ ಯಾರದು, ಬಲಗಡೆಯ ಕಾರ್ನರ್ ಯಾರದು, ಎಡಗಡೆಯದು ಯಾರದು. ಇಪ್ಪತ್ತು ಕ್ಲಬ್ಬಿಗೆ ಅರವತ್ತು ಹೆಸರು. ಒಂದು ಸಂಜೆಯ ಕೆಲಸ, ವರ್ಷಪೂರ್ತಿ ಉಪಯೋಗ.

ಇನ್ನೊಂದು ಲಾಭ ಆಟದ ಪಟ್ಟಿಯಲ್ಲಿಯೇ ಅಡಗಿರುತ್ತದೆ. ಮೈದಾನದಲ್ಲಿ ಮುಂದೆ ನಿಂತು ಗೋಲು ಹೊಡೆಯುವವನನ್ನು ಆಟ ಮಿಡ್‌ಫೀಲ್ಡರ್ ಎಂದು ಪಟ್ಟಿ ಮಾಡಿದ್ದರೆ ಅವನ ಪ್ರತಿ ಗೋಲಿಗೂ 4ರ ಬದಲು 5, ಜೊತೆಗೆ ಕ್ಲೀನ್ ಶೀಟಿನ 1 ಅಂಕ. 2024-25ರಲ್ಲಿ ಬ್ರೆಂಟ್‌ಫರ್ಡಿನ ಬ್ರಯಾನ್ ಎಂಬ್ಯೂಮೊ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಕ್ರಿಸ್ ವುಡ್ ಇಬ್ಬರೂ ತಲಾ 20 ಗೋಲು ಹೊಡೆದರು. ಮಿಡ್‌ಫೀಲ್ಡರ್ ಪಟ್ಟಿಯಲ್ಲಿದ್ದ ಎಂಬ್ಯೂಮೊ 236 ಅಂಕ ತಂದರು, ಫಾರ್ವರ್ಡ್ ಆಗಿದ್ದ ವುಡ್ 200. ಈ 36ರಲ್ಲಿ ಕನಿಷ್ಠ 20 ಅಂಕ ಬರೀ ಪಟ್ಟಿಯ ವ್ಯತ್ಯಾಸದಿಂದ ಬಂದದ್ದು. ಹಾಗಾಗಿ ಐದು ಮಿಡ್‌ಫೀಲ್ಡ್ ಜಾಗಗಳಲ್ಲಿ ಮೂರನ್ನಾದರೂ ಇಂಥ ಮುಂಚೂಣಿಯವರಿಗೆ ಕೊಡಿ.

ಗೋಲಿನ ಅಂಕಿಗಿಂತ ಗೋಲಿನ ಅವಕಾಶದ ಅಂಕಿ ಹೆಚ್ಚು ನಂಬಿಕಸ್ಥ. ಎಕ್ಸ್‌ಪೆಕ್ಟೆಡ್ ಗೋಲ್ಸ್ ಎನ್ನುವುದು ಅದೇ: ಹೊಡೆದ ಜಾಗ, ಕೋನ, ಚೆಂಡು ಬಂದ ಬಗೆ ನೋಡಿ ಆ ಹೊಡೆತ ಗೋಲಾಗುವ ಸಂಭವವನ್ನು ಕೂಡಿಸಿದ ಮೊತ್ತ. ಆಟದ ಅಂಕಿಅಂಶ ಪುಟದಲ್ಲಿಯೇ ಸಿಗುತ್ತದೆ. ಎಂಟು ಪಂದ್ಯದಲ್ಲಿ 4 ಗೋಲು ಹೊಡೆದವನ ಅವಕಾಶಗಳ ಮೊತ್ತ 1.2 ಆಗಿದ್ದರೆ ಅವನ ಓಟ ನಿಲ್ಲುವ ದಿನ ದೂರವಿಲ್ಲ. 1 ಗೋಲು ಹೊಡೆದು ಮೊತ್ತ 3 ಇದ್ದವನು ಕೊಳ್ಳಬೇಕಾದವನು, ಜನ ಅವನನ್ನು ಮಾರುತ್ತಿರುವಾಗಲೇ. ಆದರೆ ಮೂರು ಪಂದ್ಯದ ಅಂಕಿಗೆ ಬೆಲೆಯಿಲ್ಲ, ಕನಿಷ್ಠ ಎಂಟು ಹತ್ತು ಪಂದ್ಯದ್ದು ಬೇಕು.

ಡಿಫೆಂಡರ್‌ಗಳನ್ನು ಆರಿಸುವಾಗ ಕ್ಲೀನ್ ಶೀಟಿನ ಆಸೆ ಅತಿಯಾಗುತ್ತದೆ. ಒಂದು ತಂಡ ಪಂದ್ಯಕ್ಕೆ ಸರಾಸರಿ 1 ಗೋಲು ಬಿಟ್ಟುಕೊಡುತ್ತದೆ ಎಂದಾದರೆ ಅದು ಶೂನ್ಯಕ್ಕೆ ಹಿಡಿಯುವ ಸಂಭವ ಸುಮಾರು ನೂರಕ್ಕೆ 37. ಒಂದೂವರೆ ಬಿಡುವ ತಂಡಕ್ಕೆ 22. ಒಳ್ಳೆಯ ರಕ್ಷಣೆಯ ತಂಡದಿಂದಲೂ ಕ್ಲೀನ್ ಶೀಟಿನ ಲೆಕ್ಕದಲ್ಲಿ ಪಂದ್ಯಕ್ಕೆ ಸರಾಸರಿ ಒಂದೂವರೆ ಅಂಕ ಮಾತ್ರ ನಿರೀಕ್ಷಿಸಬಹುದು, ಮೇಲಾಗಿ ಎರಡು ಗೋಲು ಬಿಟ್ಟರೆ ಒಂದು ಅಂಕ ಕಳೆಯುತ್ತದೆ. ಈ ಲೆಕ್ಕವನ್ನು 2025-26ರಲ್ಲಿ ಬಂದ ಹೊಸ ನಿಯಮ ಬದಲಿಸಿತು. ಡಿಫೆಂಡರ್ ಒಂದು ಪಂದ್ಯದಲ್ಲಿ ಕ್ಲಿಯರೆನ್ಸ್ (ಚೆಂಡನ್ನು ದೂರ ಹೊರಹಾಕುವುದು), ಬ್ಲಾಕ್ (ಹೊಡೆತಕ್ಕೆ ಅಡ್ಡ ನಿಲ್ಲುವುದು), ಇಂಟರ್‌ಸೆಪ್ಷನ್ (ಎದುರಾಳಿಯ ಪಾಸನ್ನು ನಡುವೆ ತಡೆಯುವುದು), ಟ್ಯಾಕಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಸೇರಿ 10 ಮಾಡಿದರೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗೆ ಚೆಂಡು ಮರಳಿ ಗಳಿಸಿದ್ದೂ ಸೇರುತ್ತದೆ, ಆದರೆ 12 ಆಗಬೇಕು. 20 ಮಾಡಿದರೂ ಸಿಗುವುದು 2 ಮಾತ್ರ.

ಇದರಿಂದ ಲಾಭ ಯಾರಿಗೆ? ಹೆಚ್ಚು ಹೊತ್ತು ಒತ್ತಡದಲ್ಲಿ ಆಡುವ ತಂಡಗಳ ಸೆಂಟರ್‌ಬ್ಯಾಕ್‌ಗಳಿಗೆ. ಎವರ್ಟನ್‌ನ ಜೇಮ್ಸ್ ತಾರ್ಕೊವ್‌ಸ್ಕಿಯಂಥ, ದಿನವಿಡೀ ತಲೆಯಿಂದ ಚೆಂಡು ಹೊರಹಾಕುವ ಆಟಗಾರರು ಕ್ಲೀನ್ ಶೀಟ್ ತಪ್ಪಿದ ದಿನವೂ ಬರಿಗೈಯಲ್ಲಿ ಕಳಿಸುವುದಿಲ್ಲ. ಚೆಂಡನ್ನು ಸದಾ ತನ್ನಲ್ಲೇ ಇಟ್ಟುಕೊಳ್ಳುವ ದೊಡ್ಡ ಕ್ಲಬ್ಬಿನ ಸೆಂಟರ್‌ಬ್ಯಾಕ್‌ಗೆ ಹೊರಹಾಕಲು ಚೆಂಡೇ ಬರುವುದಿಲ್ಲ. ಫುಲ್‌ಬ್ಯಾಕ್‌ಗಳು ಸಾಮಾನ್ಯವಾಗಿ ಹತ್ತನ್ನು ಮುಟ್ಟುವುದಿಲ್ಲ. ಅವರನ್ನು ಕೊಳ್ಳುವುದಾದರೆ ಅಸಿಸ್ಟಿಗಾಗಿ ಕೊಳ್ಳಬೇಕು. ಐವರಲ್ಲಿ ಒಬ್ಬ ದೊಡ್ಡ ಕ್ಲಬ್ಬಿನ, ಕಾರ್ನರಿಗೆ ತಲೆಕೊಡುವ ಸೆಂಟರ್‌ಬ್ಯಾಕ್, ಒಬ್ಬ ಮುಂದೆ ಓಡುವ ಫುಲ್‌ಬ್ಯಾಕ್, ಒಬ್ಬ ಅಥವಾ ಇಬ್ಬರು ಅಗ್ಗದ ತಡೆಗೋಡೆಗಳು, ಕೊನೆಯವನು 4.0ರ ಬೆಂಚಿನವನು: ಈ ಮಿಶ್ರಣ ಬಾಳುತ್ತದೆ. ಮೊಯ್ಸೆಸ್ ಕೈಸೆಡೊ ಮಾದರಿಯ ತಡೆಯುವ ಮಿಡ್‌ಫೀಲ್ಡರ್‌ಗಳಿಗೂ ಈ 2 ಅಂಕ ಸಿಗುತ್ತದೆ, ಆದರೆ ಅವರ ಹಳದಿ ಕಾರ್ಡುಗಳನ್ನು ಎಣಿಸುತ್ತಿರಿ. ತಂಡದ ಮೊದಲ 19 ಪಂದ್ಯಗಳೊಳಗೆ ಐದಾದರೆ ಒಂದು ಪಂದ್ಯ ಹೊರಗೆ.

ಕೀಪರ್ ಮೇಲೆ ಹೆಚ್ಚು ಖರ್ಚು ಬೇಡ. 5.0ರ ಆಸುಪಾಸಿನ ಒಬ್ಬ, 4.0ರ ಇನ್ನೊಬ್ಬ. ಮೂರು ಸೇವ್‌ಗೆ, ಅಂದರೆ ಗೋಲಾಗದಂತೆ ತಡೆದ ಮೂರು ಹೊಡೆತಕ್ಕೆ, 1 ಅಂಕ ಇರುವುದರಿಂದ ನಡುಮಟ್ಟದ ಕ್ಲಬ್ಬಿನ ಕೀಪರ್ ದುಬಾರಿಯವನಿಗೆ ಹತ್ತಿರ ಬಂದುಬಿಡುತ್ತಾನೆ.

ಹಣ ಹಂಚುವ ವಿಷಯಕ್ಕೆ ಬಂದರೆ, ನಿಮ್ಮ ಪತ್ರದಿಂದ ತಿಳಿಯುವಂತೆ ನೀವು ಎಡವುತ್ತಿರುವ ಎರಡನೆಯ ಜಾಗ ಇದು. ಕಾರವಾರದ ಮೀನು ಪೇಟೆಯಲ್ಲಿ ಕೈಲಿದ್ದ ಹಣವನ್ನೆಲ್ಲ ಎರಡು ಇಸ್ವಾಣಕ್ಕೆ ಸುರಿದರೆ ಚೀಲಕ್ಕೆ ಬಂಗಡೆ ಬೀಳುವುದಿಲ್ಲ. ಮನೆಯಲ್ಲಿ ಹತ್ತು ಜನ ಉಣ್ಣಬೇಕು. 14 ಮಿಲಿಯನ್ನಿನ ಒಬ್ಬ ಆಟಗಾರ ಪಂದ್ಯಕ್ಕೆ ಸರಾಸರಿ 7 ಅಂಕ ತರುತ್ತಾನೆ ಎಂದುಕೊಳ್ಳಿ. ನಾಯಕನಾದರೆ 14, ಅಂದರೆ ಮಿಲಿಯನ್ನಿಗೆ ಒಂದು ಅಂಕ. ನಾಯಕನಲ್ಲದಿದ್ದರೆ ಅರ್ಧ ಅಂಕ. 4.5ರ ಡಿಫೆಂಡರ್ ಪಂದ್ಯಕ್ಕೆ 4 ತಂದರೂ ಮಿಲಿಯನ್ನಿಗೆ ಸುಮಾರು 0.9 ಆಯಿತು. ನಾಯಕ ಒಬ್ಬನೇ, ಆದ್ದರಿಂದ ಆ ಮಟ್ಟದ ಬೆಲೆ ಕೊಡಬೇಕಾದ್ದು ಒಬ್ಬನಿಗೇ, ವಾರವಾರವೂ ನಾಯಕತ್ವ ಕೊಡುವಷ್ಟು ಭರವಸೆ ಇದ್ದವನಿಗೆ. ಎರಡನೆಯ 14 ಮಿಲಿಯನ್ ಬೇರೆ ಮೂರು ಜಾಗಗಳನ್ನು ಸೊರಗಿಸುತ್ತದೆ.

ಬಾಳುವ ಒಂದು ಹಂಚಿಕೆ ಹೀಗಿದೆ. ಕೀಪರ್‌ಗಳು 5.0 ಮತ್ತು 4.0. ಡಿಫೆಂಡರ್‌ಗಳು 6.0, 5.5, 5.0, 4.5, 4.0. ಮಿಡ್‌ಫೀಲ್ಡರ್‌ಗಳು 10.0, 8.0, 7.5, 6.5, 5.0. ಫಾರ್ವರ್ಡ್‌ಗಳು 14.0, 8.5, 6.0. ಕೂಡಿಸಿದರೆ 99.5, ಉಳಿದ 0.5 ಕೈಯಲ್ಲಿರಲಿ, ಮೊದಲ ಬದಲಾವಣೆಗೆ ಅದು ಬೇಕಾಗುತ್ತದೆ. 3-4-3ರಲ್ಲಿ, ಅಂದರೆ ಮೂವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್ ಆಗಿ ಇಳಿಸಿದರೆ ಬೆಂಚಿನ ಬೆಲೆ 17.5. ಬೆಂಚಿನ ಮೊದಲ ಜಾಗದವನು ನಿಜಕ್ಕೂ ತನ್ನ ಕ್ಲಬ್ಬಿಗೆ ಆಡುವವನೇ ಆಗಿರಬೇಕು, ವರ್ಷದಲ್ಲಿ ಹತ್ತಾರು ಸಲ ಅವನು ಒಳಗೆ ಬರುತ್ತಾನೆ. ಹಿಂದಿನ ಇಬ್ಬರ ಮೇಲೆ ಹಣ ಹಾಕಬೇಡಿ.

ಕಳೆದ ವರ್ಷದ ಅಂಕ ಈ ವರ್ಷದ ಬೆಲೆಯಾಗಿ ಬರುತ್ತದೆ ಎಂಬುದನ್ನೂ ನೆನಪಿಡಿ. ಮೊಹಮ್ಮದ್ ಸಲಾಹ್ 2024-25ರಲ್ಲಿ 12.5ರಿಂದ ಆರಂಭಿಸಿ 29 ಗೋಲು, 18 ಅಸಿಸ್ಟ್, 344 ಅಂಕ ಗಳಿಸಿ ಈ ಆಟದ ದಾಖಲೆ ಮುರಿದರು. ಮರುವರ್ಷ ಅವರ ಬೆಲೆ 14.5. ಆ ವರ್ಷ ನವೆಂಬರ್ ಕೊನೆಯಿಂದ ಲಿವರ್‌ಪೂಲ್ ಅವರನ್ನು ಸತತ ಮೂರು ಲೀಗ್ ಪಂದ್ಯಗಳ ಆರಂಭಿಕ ಹನ್ನೊಂದರಿಂದ ಹೊರಗಿಟ್ಟಿತು. ಇಷ್ಟು ದೊಡ್ಡ ಆಟಗಾರನ ನಿಮಿಷವೂ ಶಾಶ್ವತವಲ್ಲ.

ಪಂದ್ಯಪಟ್ಟಿಯನ್ನು ಐದಾರು ವಾರದ ತುಂಡಾಗಿ ಓದಿ. ಒಂದೇ ವಾರದ ಸುಲಭ ಎದುರಾಳಿಗೆಂದು ಆಟಗಾರನನ್ನು ಕೊಂಡರೆ ಮರುವಾರ ಮಾರಬೇಕಾಗುತ್ತದೆ. ಆಟವೇ ಕೊಡುವ ಒಂದರಿಂದ ಐದರ ಕಷ್ಟದ ಅಳತೆ ಸ್ಥೂಲವಾದದ್ದು. ಎದುರಾಳಿ ತಂಡ ಕಳೆದ ಹತ್ತು ಪಂದ್ಯಗಳಲ್ಲಿ ಎಷ್ಟು ಅವಕಾಶ ಬಿಟ್ಟುಕೊಟ್ಟಿದೆ, ಪಂದ್ಯ ತವರಿನಲ್ಲೇ ಹೊರಗೇ ಎಂದು ನೋಡುವುದು ಮೇಲು. ದುಬಾರಿ ನಾಯಕನಿಗೆ ಪಂದ್ಯಪಟ್ಟಿ ಅಷ್ಟು ಮುಖ್ಯವಲ್ಲ, ಅಗ್ಗದ ಡಿಫೆಂಡರ್‌ಗಳಿಗೆ ಬಹಳ ಮುಖ್ಯ. ಒಬ್ಬನಿಗೆ ಕಷ್ಟದ ಪಂದ್ಯ ಬಿದ್ದ ವಾರ ಇನ್ನೊಬ್ಬನಿಗೆ ತವರಿನ ಸುಲಭ ಪಂದ್ಯ ಬೀಳುವಂತೆ 4.5ರ ಇಬ್ಬರನ್ನು ಜೋಡಿ ಮಾಡಬಹುದು.

ಇನ್ನು ಬದಲಾವಣೆಗಳು. ವಾರಕ್ಕೆ ಒಂದು ಉಚಿತ, ಬಳಸದಿದ್ದರೆ ಐದರವರೆಗೆ ಕೂಡಿಡಬಹುದು. ಹೆಚ್ಚುವರಿ ಒಂದೊಂದಕ್ಕೂ 4 ಅಂಕ ದಂಡ. ಹೊಸಬ ಮುಂದಿನ ನಾಲ್ಕು ವಾರದಲ್ಲಿ ಹಳಬನಿಗಿಂತ 4ಕ್ಕಿಂತ ಹೆಚ್ಚು ತರುತ್ತಾನೆಯೇ ಎಂದು ಕೇಳಿಕೊಳ್ಳಿ. ಇಬ್ಬರೂ ಆಡುವವರೇ ಆಗಿದ್ದರೆ ಉತ್ತರ ಹೆಚ್ಚಿನ ಸಲ ಇಲ್ಲ. ಹಳಬ ಗಾಯಗೊಂಡು ಬೆಂಚಿನಲ್ಲಿಯೂ ಯಾರಿಲ್ಲದಿದ್ದರೆ ಹೌದು. ಒಬ್ಬ ಆಟಗಾರ ಎರಡು ವಾರ ಗೋಲು ಹೊಡೆಯಲಿಲ್ಲ ಎಂದು ಮಾರಬೇಡಿ, ನಿಮಿಷ ಕಡಿಮೆಯಾದಾಗ, ಕೆಲಸ ಬದಲಾದಾಗ ಮಾರಿ. ಮೊದಲ ಮೂರು ವಾರ ಗಾಯವೊಂದನ್ನು ಬಿಟ್ಟು ಏನೂ ಬದಲಿಸದೆ ಕೂಡಿಟ್ಟರೆ ಅಕ್ಟೋಬರಿನ ಹೊತ್ತಿಗೆ ನಿಮ್ಮ ಕೈ ತುಂಬಿರುತ್ತದೆ.

ಬೆಲೆ ಏರುತ್ತದೆಂದು ಅವಸರದಲ್ಲಿ ಕೊಳ್ಳುವವರಿಗೆ ಶಿರಸಿಯ ಅಡಿಕೆ ಬೆಳೆಗಾರರ ತಾಳ್ಮೆ ಬೇಕು. ಮಾರುವಾಗ ಏರಿಕೆಯ ಅರ್ಧ ಮಾತ್ರ ನಿಮ್ಮದು, ಅದೂ ಕೆಳಕ್ಕೆ ಇಳಿಸಿದ ಲೆಕ್ಕ. 7.0ಕ್ಕೆ ಕೊಂಡವನು 7.3 ಆದರೆ ನಿಮಗೆ ಸಿಗುವುದು 7.1. ಈ 0.1ಕ್ಕಾಗಿ ಸೋಮವಾರವೇ ಕೊಂಡು, ಬುಧವಾರದ ಪಂದ್ಯದಲ್ಲಿ ಅವನು ಗಾಯಗೊಂಡರೆ ಒಂದು ಬದಲಾವಣೆ ದಂಡ. ಕ್ಲಬ್ಬುಗಳ ವ್ಯವಸ್ಥಾಪಕರು ಪತ್ರಿಕಾಗೋಷ್ಠಿ ನಡೆಸುವುದು ಹೆಚ್ಚಾಗಿ ಗುರುವಾರ, ಶುಕ್ರವಾರ. ಅದು ಮುಗಿದ ಮೇಲೆ ಕೊಳ್ಳಿ.

ಚಿಪ್‌ಗಳ, ಅಂದರೆ ಬೇಕಾದ ವಾರ ಬಳಸಬಹುದಾದ ವಿಶೇಷ ಸವಲತ್ತುಗಳ, ಬಗ್ಗೆ ಒಂದೇ ಮಾತು ಸಾಕು. 2025-26ರಿಂದ ನಾಲ್ಕೂ ಬಗೆಯವು ಋತುವಿನ ಒಂದೊಂದು ಅರ್ಧಕ್ಕೆ ಒಂದೊಂದು ಸಿಗುತ್ತವೆ, ಮೊದಲರ್ಧದ್ದು ಉಳಿಸಿಕೊಂಡರೆ ಸುಟ್ಟುಹೋಗುತ್ತದೆ. ಅಕ್ಟೋಬರಿನಲ್ಲಿ ತಂಡ ಕುಸಿದರೆ ಎಂಟು ಹನ್ನೆರಡು ಅಂಕ ದಂಡ ಕಟ್ಟುವ ಬದಲು ವೈಲ್ಡ್‌ಕಾರ್ಡ್ ಆಡಿ ಹದಿನೈದನ್ನೂ ಹೊಸದಾಗಿ ಕಟ್ಟಿ. ಅದಕ್ಕೆಂದೇ ಅದು ಇರುವುದು.

ಹನ್ನೊಂದು ಜನರ ಲೀಗಿನಲ್ಲಿ ಗೆಲ್ಲುವುದಕ್ಕೆ ಇನ್ನೊಂದು ಲೆಕ್ಕ ಇದೆ. ಎಂಟು ಜನರ ಬಳಿ ಇರುವ ಆಟಗಾರ ನಿಮ್ಮ ಬಳಿ ಇಲ್ಲದಿದ್ದರೆ ಅವನ ಪ್ರತಿ ಗೋಲೂ ನಿಮಗೆ ನಷ್ಟ. ಮುಂದಿರುವಾಗ ಅಂಥವರನ್ನು ಬಿಡಬೇಡಿ. ಫೆಬ್ರವರಿಯಲ್ಲಿ 60 ಅಂಕ ಹಿಂದಿದ್ದರೆ ಎಲ್ಲರ ತಂಡವನ್ನೇ ನಕಲು ಮಾಡಿ ಮೇಲೇರಲಾಗುವುದಿಲ್ಲ. ಆಗ ಇಬ್ಬರೋ ಮೂವರೋ ಬೇರೆ ಯಾರ ಬಳಿಯೂ ಇಲ್ಲದವರನ್ನು ಇಟ್ಟುಕೊಳ್ಳಿ, ಆದರೆ ಅವರೂ ನಿಮಿಷದ ಜರಡಿ ದಾಟಿದವರೇ ಆಗಿರಲಿ. ನಿಮ್ಮ ಲೀಗನ್ನು ಹಣವಿಲ್ಲದೆಯೇ ನಡೆಸಿ. ಈ ಆಟಕ್ಕೆ ಪ್ರವೇಶಶುಲ್ಕವಿಲ್ಲ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಕೊನೆಯದಾಗಿ ಗಡಿಯಾರ. ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮೊದಲು ತಂಡಕ್ಕೆ ಬೀಗ ಬೀಳುತ್ತದೆ. ಆಡುವ ಹನ್ನೊಂದು ಪ್ರಕಟವಾಗುವುದು ಪಂದ್ಯಕ್ಕೆ 75 ನಿಮಿಷ ಮೊದಲು, ಅಂದರೆ ಬೀಗ ಬಿದ್ದ ಕಾಲು ಗಂಟೆಯ ನಂತರ. ಅದನ್ನು ನೋಡಿ ಬದಲಿಸುತ್ತೇನೆ ಎಂಬ ಯೋಚನೆ ನಡೆಯದು. ಶನಿವಾರ ಅಲ್ಲಿಯ ಮಧ್ಯಾಹ್ನ 12:30ರ ಪಂದ್ಯವೇ ಮೊದಲನೆಯದಾದರೆ ಆಗಸ್ಟಿನಲ್ಲಿ ನಮಗೆ ಗಡುವು 3:30. ಶುಕ್ರವಾರ ಅಲ್ಲಿಯ ರಾತ್ರಿ 8ರ ಪಂದ್ಯವಿದ್ದರೆ ನಮಗೆ ಅದೇ ರಾತ್ರಿ 11. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಶಿರಸಿಯ ಗೆಳೆಯರು ಗುರುವಾರವೇ ನಾಯಕ, ಉಪನಾಯಕ, ಬೆಂಚಿನ ಕ್ರಮ ಇಟ್ಟು ಉಳಿಸಿಬಿಡಲಿ, ನಂತರ ಬೇಕಾದರೆ ತಿದ್ದಬಹುದು. ಉಪನಾಯಕ ನಾಯಕನ ಕ್ಲಬ್ಬಿನವನಾಗುವುದು ಬೇಡ. ಆ ಪಂದ್ಯ ಮುಂದೂಡಿದರೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಅಕ್ಟೋಬರಿನ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಿಮ್ಮ ಶನಿವಾರದ ಗಡುವು 4:30, ಶುಕ್ರವಾರದ್ದು ನಡುರಾತ್ರಿ 12.